ಒಬ್ಬೊಬ್ಬರೇ ಬನ್ನಿ

ನನ್ನ ಗಂಡ ಇಂದ್ರಕುಮಾರ ಬಿಟ್ಟುಹೋದ ಮಾತು "ಒಬ್ಬೊಬ್ಬರೇ ಬನ್ನಿ" ಎಂಬುದು. ತಿಥಿಯ ಮರುದಿನ ಬೆಳಿಗ್ಗೆ ಹಾಲು ತರಲು ಹೊಸ್ತಿಲು ದಾಟಿದಾಗ ಮೊದಲ ಸಲ ಕೇಳಿಸಿತು. ಅವನದೇ ದನಿ, ಸ್ವಲ್ಪ ನಗು ಬೆರೆತ ಮೆಲುದನಿ. ನಾನು ಪಾತ್ರೆ ಹಿಡಿದುಕೊಂಡೇ ಒಳಗೆ ಬಂದೆ. ಮತ್ತೆ ಹೊರಗೆ ಹೋದೆ. ಮತ್ತೆ ಒಳಗೆ ಬಂದೆ. ಪ್ರತಿ ಸಲವೂ ಹೇಳಿತು. ಒಳಗಿನಿಂದ ಅತ್ತೆ, "ಬಂತಾ? ಏನಂದ?" ಎಂದು ಕೂಗಿದರು. ಹೇಳಿದೆ. ಅವರು, "ಫೋಟೋ ಸ್ಟುಡಿಯೋದಲ್ಲಿ ಗಿರಾಕಿಗಳಿಗೆ ಹೇಳಿ ಹೇಳಿ ಅದೇ ರೂಢಿಯಾಗಿತ್ತು ಪಾಪ, ನನ್ನ ಮಗನಿಗೆ" ಎಂದರು.

ನಮ್ಮ ಊರಿನಲ್ಲಿ ಸತ್ತವರ ಒಂದು ಮಾತು ಮನೆಯ ಹೊಸ್ತಿಲಲ್ಲಿ ಉಳಿಯುತ್ತದೆ. ಬದುಕಿದ್ದಾಗ ಯಾವುದನ್ನು ಎಲ್ಲಕ್ಕಿಂತ ಹೆಚ್ಚು ಸಲ ಆಡಿದ್ದರೋ ಆ ಮಾತು. ಉಳಿಮಾತು ಎನ್ನುತ್ತೇವೆ. ಯಾರಾದರೂ ದಾಟಿದರೆ ದಾಟುವವರಿಗೂ ಪಕ್ಕದಲ್ಲಿದ್ದವರಿಗೂ ಕೇಳುವಷ್ಟು ಮೆಲ್ಲಗೆ ಬರುತ್ತದೆ. ವರ್ಷಾಂತಿಕದ ದಿನ ನಿಂತುಹೋಗುತ್ತದೆ. ಅಮಲ್ದಾರರ ಮನೆಯ ಹೊಸ್ತಿಲು ಒಂದು ವರ್ಷವಿಡೀ "ನಾಳೆ ನೋಡೋಣ" ಎನ್ನುತ್ತಿತ್ತು. ನಮ್ಮ ಎದುರುಮನೆಯ ಅಜ್ಜಿ "ಗ್ಯಾಸ್ ಆರಿಸಿದ್ಯಾ?" ಎಂದು ಕೇಳುತ್ತಿದ್ದರು, ಅವರ ಸೊಸೆ ವರ್ಷಾಂತಿಕ ಕಳೆದ ಮೇಲೂ ಬಾಗಿಲಲ್ಲಿ ನಿಂತು ಒಮ್ಮೆ ಹಿಂತಿರುಗಿ ಅಡುಗೆಮನೆ ನೋಡುತ್ತಾಳೆ. ಒಬ್ಬ ಮೇಷ್ಟರ ಹೊಸ್ತಿಲು ಯಾವುದೋ ಹೆಂಗಸಿನ ಹೆಸರು ಹೇಳಿದಾಗ ಮನೆಯವರು ಅದು ಅವರು ಸಾಕಿದ ಹಸುವಿನ ಹೆಸರು ಎಂದರು. ಎಲ್ಲರೂ ಒಪ್ಪಿಕೊಂಡೆವು. ವಯಸ್ಸಾದವರು ಮರ್ಯಾದೆಯ ಮಾತು ಉಳಿಯಲೆಂದು ದೇವರ ನಾಮ ಹೇಳತೊಡಗುತ್ತಾರೆ. ಅಷ್ಟರಲ್ಲಿ ತಡವಾಗಿರುತ್ತದೆ.

ನಾನು ನನ್ನ ಹೆಸರು ಬರುತ್ತದೆ ಎಂದುಕೊಂಡಿದ್ದೆ. ಮೃಣಾಲಿನಿ ಎಂದು ಪೂರ್ತಿ ಹೇಳದೆ "ಮೃಣಾ" ಎಂದು ದಿನಕ್ಕೆ ಎಷ್ಟೋ ಸಲ ಕರೆಯುತ್ತಿದ್ದ. ಅದಕ್ಕಿಂತ ಹೆಚ್ಚು ಸಲ ಇದನ್ನು ಹೇಳಿದ್ದ ಎಂದಾಯಿತು. ಬೇಸರವಾಯಿತೋ ಇಲ್ಲವೋ ಗೊತ್ತಿಲ್ಲ. ಆಗ ಯಾವುದೂ ಗೊತ್ತಾಗುತ್ತಿರಲಿಲ್ಲ. ಅವನು ಸೇತುವೆಯ ಮೇಲೆ ಬೈಕಿನಿಂದ ಬಿದ್ದು ಸತ್ತ. ಪಕ್ಕದಲ್ಲಿ ಪೆಟ್ರೋಲಿನ ಕ್ಯಾನು ಒಡೆದು ಬಿದ್ದಿತ್ತಂತೆ. ಸ್ಟುಡಿಯೋದ ಜನರೇಟರಿಗೆ ಒಯ್ಯುತ್ತಿದ್ದ ಎಂದು ನಾನೇ ಪೊಲೀಸರಿಗೆ ಹೇಳಿದೆ. ಬರೆದುಕೊಂಡು ಹೋದರು.

ಸ್ಟುಡಿಯೋ ನಮ್ಮ ಮನೆಯ ಕೆಳಗೇ ಇತ್ತು. ಪರೀಕ್ಷೆಯ ಕಾಲದಲ್ಲಿ ಪಾಸ್‌ಪೋರ್ಟ್ ಅಳತೆಯ ಚಿತ್ರಕ್ಕೆ ಹುಡುಗರು ಮುಗಿಬೀಳುತ್ತಿದ್ದರು. ಬಂದವರೆಲ್ಲ ಕೇಳುವುದು ಒಂದೇ: ಅಣ್ಣಾ, ಇನ್ನೊಂಚೂರು ಬೆಳ್ಳಗೆ ಮಾಡಿ. ನಾವು ಬಿಳಿಮಳಲಿನವರು. ಹೊಳೆಯ ಈ ದಂಡೆಯ ಮರಳು ಬೆಳ್ಳಗಿದೆ, ಆ ದಂಡೆಯದು ಕಪ್ಪು. ಮರಳಿನ ಬಣ್ಣ ಮೈಗೂ ಬಂದಿದೆ ಎಂದು ಈ ದಂಡೆಯವರ ನಂಬಿಕೆ. ಇಂದ್ರ ಊಟಕ್ಕೆ ಕುಳಿತಾಗ ನಗುತ್ತಿದ್ದ. "ನಾನು ಎಲ್ಲರಿಗೂ ಹಾಕೋ ಬಿಳುಪು ಒಂದೇ ಡಬ್ಬೀದು ಮೃಣಾ. ಆದ್ರೆ ಹಾಗಂತ ಹೇಳಿದ್ರೆ ಅಂಗಡಿ ಮುಚ್ಬೇಕಾಗುತ್ತೆ." ನಾನೂ ನಗುತ್ತಿದ್ದೆ.

ಆಚೆ ದಂಡೆಯ ಕರಿಮಳಲಿನಿಂದ ನಮ್ಮ ಮನೆಗೆ ಬರುತ್ತಿದ್ದವಳು ಸೊಪ್ಪು ಮಾರುವ ತಿಪ್ಪಕ್ಕ ಒಬ್ಬಳೇ. ಬರುತ್ತಿದ್ದುದು ಹಿತ್ತಿಲ ಗೇಟಿಗೆ. ಆ ದಂಡೆಯವರು ಈ ದಂಡೆಯ ಹೊಸ್ತಿಲು ದಾಟುವುದಿಲ್ಲ. ಯಾರೂ ಬೇಡ ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ, ದಾಟಿದ್ದನ್ನೂ ಕಂಡಿಲ್ಲ. ನಾನು ಗೇಟಿನ ಈ ಕಡೆ, ಅವಳು ಆ ಕಡೆ ನಿಂತು ದಂಟಿನ ಸೊಪ್ಪಿನ ಕಟ್ಟು ಬಿಚ್ಚಿ ನೋಡುತ್ತ ಮಾತಾಡುತ್ತಿದ್ದೆವು. ಇಂದ್ರ ಅವಳೊಡನೆ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಅದು ವಿಶೇಷ ಎಂದು ಅನ್ನಿಸಿಯೂ ಇರಲಿಲ್ಲ.

ಇಂದ್ರ ಸಾಯುವ ಹಿಂದಿನ ಬೇಸಿಗೆಯಲ್ಲಿ ತಿಪ್ಪಕ್ಕನ ಮನೆ ಸುಟ್ಟುಹೋಯಿತು. ಅವಳ ಗಂಡ, ದೋಣಿ ನಡೆಸುವ ಲಚ್ಚ, ಒಳಗೇ ಸತ್ತ. ಈ ದಂಡೆಯ ಒಬ್ಬ ಹುಡುಗ ಸಿಕ್ಕಿಬಿದ್ದ. ಒಬ್ಬನೇ ಮಾಡಿದೆ, ಯಾರೂ ಹೇಳಿಕೊಟ್ಟಿಲ್ಲ ಎಂದ. ತಲೆಕೆಟ್ಟವನು ಎಂದು ಊರೆಲ್ಲ ಹೇಳಿತು. ಇಂದ್ರನೂ ಹೇಳಿದ: "ಒಬ್ಬ ಹುಚ್ಚ ಮಾಡಿದ್ದಕ್ಕೆ ದಂಡೆಯವರನ್ನೆಲ್ಲ ಯಾಕೆ ದೂರ್ಬೇಕು?"

ನಾನು ವಿಧವೆಯಾದ ಮೇಲೆ ತಿಪ್ಪಕ್ಕ ಮೊದಲ ಸಲ ಬಂದಾಗ ಸೊಪ್ಪು ತಂದಿರಲಿಲ್ಲ. ಗೇಟಿನ ಸರಳು ಹಿಡಿದು ನಿಂತಳು.

"ಮಾತು ಬಂತಾ ಮೇಡಮ್ಮ?"

"ಬಂತು ತಿಪ್ಪಕ್ಕ."

"ಏನಂತ ಕೇಳಾಕಿಲ್ಲ ಬಿಡಿ. ನಿಮ್ದು ನಿಮಗೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಮಗಾದ್ರೂ ಐತಲ್ಲ. ನಮ್ಮೆಜಮಾನ್ರುದು ಬಾಗ್ಲು ಹೊಸ್ಲು ಎಲ್ಲಾ ಬೆಂದೋಯ್ತು. ಏನು ಉಳೀತಿತ್ತೋ ಏನೋ. ನಾನೂ ಕುಂತು ಯೋಚ್ನೆ ಮಾಡ್ತೀನಿ, ಯಾವ್ ಮಾತು ಜಾಸ್ತಿ ಆಡ್ತಿದ್ದ ಅಂತ. ಬೈಗುಳನೇ ಇರ್ಬೇಕು, ಹಾಳಾದೋನು." ನಕ್ಕಳು. ಆಮೇಲೆ, "ನಾನು, ಮಕ್ಳು ಉಳಿದಿದ್ದೇ ಪುಣ್ಯ. ಯಾರೋ ಪುಣ್ಯಾತ್ಮರು ಆಚೆಯಿಂದ ಕೂಗುದ್ರು. ಹೊಗೇಲಿ ಕಣ್ಣು ಕಾಣ್ತಿರ್ಲಿಲ್ಲ, ಆ ದನಿ ಹಿಡ್ಕಂಡು ಬಂದ್ವಿ. ಯಾರು ಅಂತ ಇವತ್ಗೂ ಗೊತ್ತಿಲ್ಲ. ದೇವ್ರು ಅವರ್ನ ಚೆನ್ನಾಗಿಟ್ಟಿರ್ಲಿ" ಎಂದಳು.

ಅವಳನ್ನು ಒಳಗೆ ಕರೆಯಬೇಕು ಎಂದು ನನಗೆ ಹೊಳೆಯಲಿಲ್ಲ.

ಮುಂಬಾಗಿಲಿಂದ ಬಂದವರು ಸ್ನೇಹಕೂಟದವರು. ಬಿಳಿಮಳಲು ಸ್ನೇಹಕೂಟ ಎಂದರೆ ಹೆಂಗಸರ ಗುಂಪು. ಸಾವಾದ ಮನೆಗೆ ಊಟ ತರುತ್ತಾರೆ, ಬಾಣಂತಿಯರಿಗೆ ಬೇಯಿಸಿ ಬಡಿಸುತ್ತಾರೆ, ಮಕ್ಕಳಿಗೆ ಬೇಸಿಗೆಯಲ್ಲಿ ಆಟ ಆಡಿಸುತ್ತಾರೆ. ಹಿರಿಯರು ವಿಮಲಕ್ಕ, ನಿವೃತ್ತ ಶಿಕ್ಷಕಿ. ತಿಂಗಳುಗಟ್ಟಲೆ ನಮ್ಮ ಮನೆಯ ಒಲೆ ಹೊತ್ತಿಸಲು ಬಿಡಲಿಲ್ಲ. ಒಂದು ದಿನ ಪುಳಿಯೋಗರೆ, ಒಂದು ದಿನ ಬಿಸಿ ಸಾರು. ನನ್ನ ತಲೆಗೆ ಅವರೇ ಎಣ್ಣೆ ಹಚ್ಚಿ ಬಾಚಿದರು. ನಾನು ಬೊಂಬೆಯ ಹಾಗೆ ಕುಳಿತಿದ್ದೆ. ಅವರ ಕೈ ಬೆಚ್ಚಗಿತ್ತು. ಅದು ಸುಳ್ಳಲ್ಲ.

ಅವರ ಹಿಂದೆ ಹುಡುಗರು ಬರತೊಡಗಿದರು. ಸ್ಟುಡಿಯೋಗೆ ಬರುತ್ತಿದ್ದವರೇ. ಅವರಲ್ಲಿ ವಿನೂತ ಎಂಬವನು ನಾನು ಕಲಿಸುವ ಕಾಲೇಜಿನಲ್ಲೇ ಓದಿದವನು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, "ಅತ್ತಿಗೆ, ಒಂದ್ಸಲ ದಾಟ್ಲಾ?" ಎಂದು ಕೇಳುತ್ತಿದ್ದ. ದಾಟಿ, ಮಾತು ಕೇಳಿ, ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಅವನು ಪೂರ್ತಿ ಒಳಗೆ ಬರುವವರೆಗೆ ಹಿಂದಿನವನು ಕಾಯುತ್ತಿದ್ದ. ಆಮೇಲೆ ಅವನು. ಅತ್ತೆಗೆ ಕಣ್ಣಲ್ಲಿ ನೀರು. "ಎಷ್ಟು ಜನಕ್ಕೆ ಬೇಕಾಗಿದ್ದ ನೋಡು" ಎನ್ನುತ್ತಿದ್ದರು. ನನಗೂ ಹಾಗೇ ಅನ್ನಿಸಿತು. ಅವರೆಲ್ಲ ಹೋದ ಮೇಲೆ ನಾನೂ ಅತ್ತೆಯೂ ಸರದಿಯಲ್ಲಿ ದಾಟುತ್ತಿದ್ದೆವು, ಏನೋ ಕೆಲಸವಿದ್ದ ಹಾಗೆ. ಅತ್ತೆ ಒಣಗದ ಬಟ್ಟೆ ಒಳಗೆ ತಂದು ಮತ್ತೆ ಹೊರಗೆ ಹರವುತ್ತಿದ್ದರು.

ವರ್ಷಾಂತಿಕ ಹತ್ತಿರವಾದಾಗ ವಿಮಲಕ್ಕ ನನ್ನ ಪಕ್ಕ ಕುಳಿತು ಕೈ ಹಿಡಿದರು.

"ಮೃಣಾಲಿನಿ, ಒಂದು ಕೇಳ್ತೀನಿ, ಇಲ್ಲ ಅನ್ಬಾರ್ದು ಕಣೆ."

"ಹೇಳಿ ಅಕ್ಕ."

"ನಿಮ್ಮ ಹೊಸ್ತಿಲು ಬೇಕು. ಸ್ನೇಹಭವನ ಕಟ್ತಾ ಇದೀವಲ್ಲ, ಅದರ ಮುಂಬಾಗಿಲಿಗೆ. ವರ್ಷ ತುಂಬೋದರೊಳಗೆ ಕಿತ್ತು ಬೇರೆ ಬಾಗಿಲಿಗೆ ಕೂರಿಸಿದ್ರೆ ಮಾತು ನಿಲ್ಲೋದಿಲ್ಲ, ಹಾಗೇ ಉಳಿದುಬಿಡತ್ತೆ. ಹಿಂದೆ ಒಂದು ಮಠದಲ್ಲಿ ಹಾಗೆ ಮಾಡಿದಾರೆ. ನೀನು ಯಾವಾಗ ಬೇಕಾದ್ರೂ ಬಂದು ಕೇಳ್ಬಹುದು. ಮುದುಕಿ ಆದ ಮೇಲೂ."

ಅತ್ತೆ ಅಡುಗೆಮನೆಯಿಂದಲೇ, "ಕೊಟ್ಟುಬಿಡು ಮಗು, ಯೋಚಿಸಬೇಡ" ಎಂದರು.

ನಾನು ಒಂದು ದಿನ ಸಮಯ ಕೇಳಿದೆ. ಯಾಕೆ ಕೇಳಿದೆನೋ. ಕೊಡುವುದು ಎಂದು ಮನಸ್ಸಿನಲ್ಲಿ ಆಗಲೇ ನಿರ್ಧಾರವಾಗಿತ್ತು. ಅವನ ದನಿ ನಿಲ್ಲುವ ದಿನವನ್ನು ನೆನೆಯಲೂ ಆಗುತ್ತಿರಲಿಲ್ಲ.

ಮರುದಿನ ಕಾಲೇಜಿನಲ್ಲಿ ತರಗತಿ ಇತ್ತು. ನಾನು ಇತಿಹಾಸ ಕಲಿಸುತ್ತೇನೆ. ವಿಶ್ವವಿದ್ಯಾಲಯದಲ್ಲಿ ನನ್ನ ಪ್ರಬಂಧ ಅಮೆರಿಕದ ಬಿಳಿಯರ ಶ್ರೇಷ್ಠತಾವಾದಿ ಸಂಘಟನೆಗಳ ಬಗ್ಗೆ. ಆ ಪಾಠ ಪ್ರತಿ ವರ್ಷ ಬರುತ್ತದೆ, ಬೋರ್ಡಿನ ಕಡೆ ತಿರುಗಿ ನಿದ್ದೆಯಲ್ಲೂ ಹೇಳಬಲ್ಲೆ. ಅಂದೂ ಹೇಳುತ್ತಿದ್ದೆ. ಅಂತರ್ಯುದ್ಧ ಮುಗಿದ ಮೇಲೆ ಮುಖಗವಸು ತೊಟ್ಟು ಕುದುರೆ ಏರಿ ಬಂದವರು, ಕಪ್ಪು ಜನರ ಮನೆಗಳಿಗೆ ಬೆಂಕಿಯಿಟ್ಟವರು, ಸರ್ಕಾರ ಅವರನ್ನು ಮಟ್ಟಹಾಕಿದ್ದು. ಅರ್ಧ ಶತಮಾನದ ಮೇಲೆ ಅದೇ ಹೆಸರಿನಲ್ಲಿ ಮತ್ತೆ ಬಂದಾಗ ಅವರು ಕತ್ತಲಲ್ಲಿ ಮಾತ್ರ ಬರಲಿಲ್ಲ. ಹಗಲಲ್ಲಿ ಮೆರವಣಿಗೆ ಹೋದರು, ವನಭೋಜನ ಏರ್ಪಡಿಸಿದರು, ಚೆಂಡಾಟದ ತಂಡ ಕಟ್ಟಿದರು, ಹೆಂಗಸರಿಗೊಂದು ಘಟಕ, ಮಕ್ಕಳಿಗೊಂದು ಘಟಕ. ಕಷ್ಟದಲ್ಲಿದ್ದ ತಮ್ಮವರ ಮನೆಗೆ ಬುಟ್ಟಿಯಲ್ಲಿ ಊಟ ಒಯ್ದರು. ಅಲ್ಲಿಗೆ ಬಂದಾಗ ನನ್ನ ಸೀಮೆಸುಣ್ಣ ನಿಂತಿತು. ಒಂದು ಗಳಿಗೆ ಅಷ್ಟೆ. ಮುಂದುವರಿಸಿದೆ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬಲಿಯಾದವರ ಕಡೆಯವರು ಮೊಕದ್ದಮೆ ಹೂಡಿ ಕೆಲವು ಸಂಘಟನೆಗಳನ್ನು ದಿವಾಳಿ ಮಾಡಿದರು. ನಾಯಕರು ಜೈಲಿಗೆ ಹೋದರು. ಆಗ ಅವರಲ್ಲೇ ಕೆಲವರು ಹೊಸ ಉಪಾಯ ಹೇಳಿದರು: ನಾಯಕ ಬೇಡ, ಸದಸ್ಯರು ಬೇಡ, ಸಭೆ ಬೇಡ.

ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ನಾಯಕ ಇಲ್ದೆ ಸಂಘಟನೆ ಹೇಗೆ ನಡೆಯುತ್ತೆ ಮೇಡಂ?"

"ಕಥೆ ಮಾತ್ರ ಎಲ್ಲರಿಗೂ ಹಂಚುತ್ತಾರೆ" ಎಂದೆ. "ಹಾಡಿನಲ್ಲಿ, ಪುಸ್ತಕದಲ್ಲಿ, ಈಗ ಫೋನಿನಲ್ಲಿ. ಏನು ಮಾಡಬೇಕೆಂದು ಯಾರೂ ಯಾರಿಗೂ ಹೇಳುವುದಿಲ್ಲ. ಕೇಳಿದವನು ತಾನೇ ತಿಳಿದುಕೊಂಡು ಮಾಡುತ್ತಾನೆ. ಸಿಕ್ಕಿಬಿದ್ದರೆ ಅವನೊಬ್ಬನೇ. ಉಳಿದವರು ಹುಚ್ಚ ಎಂದು ಕೈ ತೊಳೆದುಕೊಳ್ಳುತ್ತಾರೆ. ಗುಂಪಾಗಿ ಬರಬೇಡಿ ಎನ್ನುವುದೇ ಅವರ ಗುಟ್ಟು. ಒಬ್ಬೊಬ್ಬರೇ ಬನ್ನಿ..."

ನನ್ನ ಬಾಯಿಂದಲೇ ಬಂತು. ಅವನ ಮಾತು, ಅವನದೇ ಏರಿಳಿತದಲ್ಲಿ.

ತರಗತಿಯಲ್ಲಿ ಯಾರೋ ಪೆನ್ನು ಬೀಳಿಸಿದರು. ಈ ಪಾಠವನ್ನು ಮನೆಯಲ್ಲಿ ಸಿದ್ಧ ಮಾಡಿಕೊಳ್ಳುವಾಗ ಇಂದ್ರ ಎದುರು ಕುಳಿತು ಕೇಳುತ್ತಿದ್ದ. ತಟ್ಟೆಯಲ್ಲಿ ಕೈ ಒಣಗಿದರೂ ಏಳುತ್ತಿರಲಿಲ್ಲ. ಗಂಡ ಹೆಂಡತಿಯ ಓದಿನ ಬಗ್ಗೆ ಇಷ್ಟು ಆಸಕ್ತಿ ತೋರಿಸುವುದನ್ನು ನನ್ನ ಗೆಳತಿಯರು ಹೊಟ್ಟೆಕಿಚ್ಚಿನಿಂದ ಆಡಿಕೊಳ್ಳುತ್ತಿದ್ದರು. ಅವನು ಕೇಳುತ್ತಿದ್ದ ಪ್ರಶ್ನೆ ಒಂದೇ ತರಹದ್ದು. ಅವರು ಎಲ್ಲಿ ತಪ್ಪಿದರು ಮೃಣಾ? ಹೇಗೆ ಸಿಕ್ಕಿಬಿದ್ದರು? ಸತ್ತವರು ಯಾರು, ಅವರ ಹೆಸರೇನು ಎಂದು ಒಮ್ಮೆಯೂ ಕೇಳಿರಲಿಲ್ಲ.

ಮನೆಗೆ ಬಂದಾಗ ವಿನೂತ ಜಗಲಿಯ ಮೇಲೆ ಕುಳಿತಿದ್ದ. ಹೊಸ್ತಿಲಿನ ಅಳತೆ ತೆಗೆದುಕೊಳ್ಳಲು ಬಂದಿದ್ದ.

"ಅಣ್ಣ ನಿಮಗೆಲ್ಲ ಏನು ಹೇಳಿಕೊಡ್ತಿದ್ದ ವಿನೂತ?" ಎಂದೆ.

"ಏನೂ ಇಲ್ಲ ಅತ್ತಿಗೆ. ಅದೇ ಅಲ್ವಾ ಅಣ್ಣನ ದೊಡ್ಡತನ? ಒಂದಿನಕ್ಕೂ ಹೀಗ್ ಮಾಡು, ಹಾಗ್ ಮಾಡು ಅಂದೋರಲ್ಲ. ಫೋಟೋ ತೆಗೀತಾ ಕಥೆ ಹೇಳೋರು ಅಷ್ಟೆ. ಅಮೆರಿಕದವರದ್ದು."

"ಯಾವ ಕಥೆ?"

ಅವನು ನಾಚಿಕೊಂಡ ಹಾಗೆ ನಕ್ಕ. "ನಿಮ್ಗೆ ಗೊತ್ತಿಲ್ವಾ? ಗುಂಪು ಕಟ್ಕೊಂಡು ಸಿಕ್ಹಾಕ್ಕೊಂಡ್ರಲ್ಲ, ಅದು. ನೀವೇ ಹೇಳಿದ್ದು ಅನ್ನೋರು. 'ನಮ್ಮನೇಲೊಂದು ಯೂನಿವರ್ಸಿಟಿ ಇದೆ ಕಣ್ರೋ' ಅಂತ ತಮಾಷೆ ಮಾಡೋರು."

ಅವನ ಕೈಯಲ್ಲಿ ಅಳತೆಯ ಟೇಪು ಸರ್ರನೆ ಒಳಗೆ ಸರಿದುಕೊಂಡಿತು.

"ಸೇತುವೆ ಮೇಲೆ ಬಿದ್ದಾಗ ಎಲ್ಲಿಗೆ ಹೋಗ್ತಿದ್ದ?"

"ಅದು ನಂಗೊತ್ತಿಲ್ಲ ಅತ್ತಿಗೆ. ಯಾರಿಗೂ ಗೊತ್ತಿರಲ್ಲ." ಪಾಠ ಒಪ್ಪಿಸುವ ಹುಡುಗನ ಮುಖ. "ಹಾಗೇ ಇರ್ಬೇಕಲ್ವಾ?"

ಅವನನ್ನು ಕಳಿಸಿ ಒಳಗೆ ಹೋಗುವಾಗ ಹೊಸ್ತಿಲು ಹೇಳಿತು. ನಾನು ಸ್ಟುಡಿಯೋದ ಹಿಂದೆ ಇಳಿದು ಹೋಗಿ ಜನರೇಟರ್ ನೋಡಿದೆ. ಧೂಳು ಹಿಡಿದಿತ್ತು. ಜನರೇಟರ್ ಇರುವುದು ಈ ದಂಡೆಯಲ್ಲಿ. ಪೆಟ್ರೋಲ್ ಬಂಕ್ ಇರುವುದೂ ಈ ದಂಡೆಯಲ್ಲೇ. ಕ್ಯಾನು ಹಿಡಿದು ಸೇತುವೆ ದಾಟುವ ಕೆಲಸ ಅವನಿಗೆ ಇರಲಿಲ್ಲ. ಆ ದಂಡೆಯಲ್ಲಿ ಇದ್ದದ್ದು ಮನೆಗಳು.

ಗೋಡೆಗೆ ಒರಗಿಸಿದ್ದ ಹಾರೆ ತಂದೆ. ಮಧ್ಯಾಹ್ನದ ಬಿಸಿಲು ನೇರವಾಗಿ ಬಾಗಿಲ ಮೇಲಿತ್ತು. ಹೊಸ್ತಿಲ ಅಂಚಿಗೆ ಹಾರೆಯ ಮೊನೆ ಕೊಟ್ಟು ಮೀಟಿದೆ. ಅತ್ತೆ ಓಡಿಬಂದರು.

"ನೀನ್ಯಾಕೆ ಕೀಳ್ತೀಯ? ಅವರೇ ಬಂದು ಜೋಪಾನವಾಗಿ ತೆಗೀತಾರೆ."

"ಅವರಿಗೆ ಕೊಡೋದಿಲ್ಲ ಅತ್ತೆ."

"ಮತ್ತೆ?"

ನಾನು ಹೇಳಿದೆ. ಎಲ್ಲವನ್ನೂ ಅಲ್ಲ, ಕ್ಯಾನಿನ ವಿಷಯ ಮಾತ್ರ. ಅವರು ನನ್ನ ಕೆನ್ನೆಗೆ ಹೊಡೆದರು. ಆಮೇಲೆ ಹೊಡೆದ ಕೈಯನ್ನೇ ನೋಡುತ್ತ ನೆಲದ ಮೇಲೆ ಕುಳಿತರು. "ನನ್ನ ಮಗ ಇರುವೆ ತುಳಿದೋನಲ್ಲ" ಎಂದರು. "ಒಂದ್ಸಲ, ಒಂದೇ ಒಂದ್ಸಲ ದಾಟ್ತೀನಿ ತಾಳು." ನಾನು ಹಾರೆ ಹಿಡಿದು ಕಾದೆ. ಅವರು ಗೋಡೆ ಹಿಡಿದು ಎದ್ದು ಆಚೆ ಹೋದರು, ಈಚೆ ಬಂದರು. ಅವನು ಎರಡು ಸಲವೂ ಹೇಳಿದ. ಅತ್ತೆ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು.

ಹೊಸ್ತಿಲು ಮೂರನೆಯ ಮೀಟಿಗೆ ಸಡಿಲಿತು. ಹಲಸಿನ ಮರದ್ದು, ಭಾರ. ನಡುಭಾಗ ತುಳಿದು ತುಳಿದು ಸವೆದಿತ್ತು. ಒಲೆಗೆ ಹಾಕಬೇಕು ಎಂದುಕೊಂಡಿದ್ದೆ. ಹಿತ್ತಿಲವರೆಗೆ ಹೊತ್ತು ಹೋದೆ, ಸೀಮೆಎಣ್ಣೆಯ ಬಾಟಲಿಯನ್ನೂ ತಂದೆ, ಆಗಲಿಲ್ಲ. ಅದರೊಳಗೆ ಅವನಿದ್ದ. ಒಂದು ಸಲ ನನ್ನ ಹೆಸರು ಹೇಳಿದ್ದರೂ ಅದನ್ನು ತಬ್ಬಿಕೊಂಡು ಅಲ್ಲೇ ಕುಳಿತುಬಿಡುತ್ತಿದ್ದೆನೇನೋ. ಇದನ್ನು ಏನು ಮಾಡಬೇಕೆಂದು ಹೇಳುವ ಹಕ್ಕು ಇರುವವಳು ತಿಪ್ಪಕ್ಕ ಒಬ್ಬಳೇ ಎನ್ನಿಸಿತು. ಆಟೋ ಕರೆದೆ. ಆಟೋದವನು "ಏನ್ ಮೇಡಂ, ಮನೆ ಕೆಡವ್ತಿದೀರಾ?" ಎಂದ. ಹೌದು ಎಂದೆ. ಸೇತುವೆಯ ಮೇಲೆ ಇಂದ್ರ ಬಿದ್ದ ಜಾಗ ಬಂದಾಗ ಮರದ ಮೇಲೆ ಕೈ ಇಟ್ಟುಕೊಂಡೇ ಇದ್ದೆ. ಯಾಕೆಂದು ಕೇಳಬೇಡಿ.

ಕರಿಮಳಲಿಗೆ ನಾನು ಹೋದದ್ದು ಅದೇ ಮೊದಲು. ಕಾಲೇಜಿನ ಕಿಟಕಿಯಿಂದ ಕಾಣುವ ಜಾಗ. ಮರಳು ಕಪ್ಪಗಿತ್ತು, ಅಂಗೈಗೆ ತೆಗೆದುಕೊಂಡರೆ ಅಂಗೈ ನನ್ನ ಬಣ್ಣದ್ದೇ. ತಿಪ್ಪಕ್ಕನ ಹೊಸ ಮನೆಗೆ ತಗಡಿನ ಗೋಡೆ, ಬಾಗಿಲಿನ ಜಾಗಕ್ಕೆ ಗೋಣಿಚೀಲದ ಪರದೆ. ಹೊಸ್ತಿಲಿರಲಿಲ್ಲ. ಅವಳು ಬಸಳೆಯ ಬಳ್ಳಿಗೆ ನೀರು ಹಾಕುತ್ತಿದ್ದವಳು ತಂಬಿಗೆ ಕೆಳಗಿಟ್ಟು ಬಂದಳು.

"ಅಯ್ಯೋ ಮೇಡಮ್ಮ, ನೀವ್ ಬಂದ್ರಾ! ಕೂಗಿ ಕಳ್ಸಿದ್ರೆ ನಾನೇ ಬರ್ತಿದ್ನಲ್ಲ. ಇದೇನಿದು, ಹೊಸ್ಲು?"

"ನಿಮಗೆ ಕೇಳಿಸಬೇಕು ತಿಪ್ಪಕ್ಕ. ಕೇಳಿಸಿ ಒಂದು ಮಾತು ಹೇಳಬೇಕು. ಆಮೇಲೆ ಇದನ್ನು ಏನು ಬೇಕಾದರೂ ಮಾಡಿ."

ಆಟೋದವನೂ ನಾನೂ ಸೇರಿ ಅದನ್ನು ಪರದೆಯ ಕೆಳಗೆ ಇಟ್ಟೆವು. ತಿಪ್ಪಕ್ಕ ಕಾಲು ತೊಳೆದುಕೊಂಡಳು. ನಮ್ಮ ದಂಡೆಯ ಹೊಸ್ತಿಲನ್ನು ಅವಳು ದಾಟುವುದು ಅದೇ ಮೊದಲು. ಸೀರೆಯ ನೆರಿಗೆ ಹಿಡಿದು, ಅಳುಕುತ್ತ, ದಾಟಿದಳು.

"ಒಬ್ಬೊಬ್ಬರೇ ಬನ್ನಿ" ಎಂದ ಇಂದ್ರ.

ಅವಳು ಪರದೆಯ ಆಚೆ ನಿಂತೇ ಇದ್ದಳು. ಆಮೇಲೆ ಹೊರಗೆ ಬಂದಳು. ಮತ್ತೆ ಒಳಗೆ ಹೋದಳು. ಮೊದಲ ದಿನ ಹಾಲಿನ ಪಾತ್ರೆ ಹಿಡಿದುಕೊಂಡು ನಾನು ಮಾಡಿದ ಹಾಗೆ. ಹೊರಗೆ ಬಂದಾಗ ಅವಳ ಮುಖದ ತುಂಬ ನೀರು. ಕುಕ್ಕರಗಾಲಲ್ಲಿ ಕುಳಿತು ಎರಡೂ ಕೈಯಿಂದ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ವಿನೂತ ಮಾಡಿದ ಹಾಗೇ.

"ಇದೇ ದನಿ ಮೇಡಮ್ಮ. ಇದೇ ಮಾತು. ಅವತ್ತು ಹೊಗೇಲಿ ಕೂಗಿದ್ದು. ನಾನು ಮಕ್ಳನ್ನ ಒಂದೊಂದಾಗಿ ಈ ದನಿ ಕಡೀಕೇ ತಳ್ದೆ. ನಿಮ್ಮೆಜಮಾನ್ರಾ ನಮ್ಮನ್ನ ಉಳಿಸಿದ್ದು? ಒಂದಿನ ಬಾಯ್ಬಿಡ್ಲಿಲ್ವಲ್ಲ, ಎಂಥಾ ಮನುಷ್ಯ!" ಒಳಗೆ ತಿರುಗಿ, "ಬರ್ರೋ, ಬಂದು ಕೈ ಮುಗೀರ್ರೋ" ಎಂದು ಕೂಗಿದಳು.

ನನಗೆ ತಿಪ್ಪಕ್ಕನ ಮನೆ ಸುಟ್ಟ ಆ ಸಂಜೆ ನೆನಪಾಯಿತು. ಅವನು ಬಂದವನೇ ಬಚ್ಚಲಿಗೆ ಹೋದದ್ದು. ತಲೆಗೆ ಸೀಗೆಪುಡಿ ಕೇಳಿದ್ದು. ನಾನು ಕಲಸಿಕೊಟ್ಟದ್ದು.

ನಾನು ಹೇಳಲು ಬಂದದ್ದು ಸೇತುವೆಯ ಮೇಲಿನ ಕ್ಯಾನಿನ ವಿಷಯ. ಇದನ್ನಲ್ಲ. ಇದು ನನಗೂ ಗೊತ್ತಿರಲಿಲ್ಲ. ಮಕ್ಕಳು ಬಂದರು. ದೊಡ್ಡವಳು, ಅವಳ ಹಿಂದೆ ತಮ್ಮ, ಅವನ ಬೆರಳು ಹಿಡಿದ ಪುಟ್ಟದು. ಒಬ್ಬೊಬ್ಬರೇ ದಾಟಿದರು. ಒಬ್ಬೊಬ್ಬರಿಗೂ ಇಂದ್ರ ಹೇಳಿದ, ನಗು ಬೆರೆತ ದನಿಯಲ್ಲಿ. ಮಕ್ಕಳು ಕೈ ಮುಗಿದರು. ಹಾಗೇ ಬಿಟ್ಟು ಹೋಗಬಹುದಿತ್ತು. ಆಟೋ ನಿಂತಿತ್ತು. ಅವಳಿಗೊಬ್ಬ ಪುಣ್ಯಾತ್ಮ ಉಳಿಯುತ್ತಿದ್ದ, ನನಗೊಬ್ಬ ಗಂಡ ಉಳಿಯುತ್ತಿದ್ದ.

"ಒಳಗ್ ಬನ್ನಿ ಮೇಡಮ್ಮ, ಒಂದ್ ಲೋಟ ಕಾಫಿ ಕಾಯಿಸ್ತೀನಿ" ಎಂದು ತಿಪ್ಪಕ್ಕ ಪರದೆ ಎತ್ತಿ, ಒಂದು ಕಾಲು ಎತ್ತಿದಳು.

"ತಿಪ್ಪಕ್ಕ," ಎಂದೆ, "ಅವನು ಕರೆದದ್ದು ನಿಮ್ಮನ್ನಲ್ಲ, ಬೆಂಕಿ ಇಟ್ಟವರನ್ನು."

ಅವಳು ತಿರುಗಿದಳು. ನನ್ನ ಮುಖವನ್ನು ನೋಡಿದಳು. ಹೊಸ್ತಿಲ ಮೇಲೆ ಎತ್ತಿದ ಕಾಲು ಹಾಗೇ ನಿಂತಿತು. ದಾಟಿದ್ದರೆ ಅವನು ಮತ್ತೆ ಹೇಳುತ್ತಿದ್ದ. ಅವಳು ದಾಟಲಿಲ್ಲ.